ಹೆಸರೆತ್ತದೆ ಆಡುವ ಆಟ

ಜೂನ್ 9, ಭಾನುವಾರ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಹುಳು ಮೇಯ್ದ ಸೊಪ್ಪಿನ ಹಾಗಿರುತ್ತದೆ. ಒತ್ತು ಕೊಡಬೇಕಾದ ಕಡೆ ಬಿಟ್ಟು ಪಕ್ಕದ ಅಕ್ಷರಕ್ಕೆ ಕೊಡುತ್ತೇನೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಆರನೇ ಕ್ಲಾಸಿಗೆ ಮುಳಬಾಗಿಲಿಗೆ ಬಸ್ಸು ಹತ್ತಬೇಕಿತ್ತು. ಎಲ್ಲಿಗೆ ಅಂತ ಕಂಡಕ್ಟರಿಗೆ ಹೇಳುವುದಕ್ಕೆ ನಾಚಿಕೆಯಾಗಿ ಬಸ್ಸನ್ನೇ ಹತ್ತಲಿಲ್ಲ. ಇದನ್ನು ಓದುವವಳು ನಾನೊಬ್ಬಳೇ, ಆದ್ದರಿಂದ ಕ್ಷಮೆ ಯಾರ ಹತ್ತಿರ ಕೇಳಿದೆನೋ ಗೊತ್ತಿಲ್ಲ. ಕೇಳಿದ್ದಾಯಿತು, ಇರಲಿ.

ಮದುವೆಯಾಗಿ ಸುಗಟೂರಿನ ಈ ಮನೆಗೆ ಬಂದು ಎರಡು ವರ್ಷ. ಇಷ್ಟು ದಿನ ಮಾತಾಡುವ ಕೆಲಸ ನನಗೆ ಬಿದ್ದಿರಲಿಲ್ಲ. ಎಲ್ಲರ ಮಾತನ್ನೂ ಅತ್ತೆಯೇ ಆಡುತ್ತಿದ್ದರು. ಹಸು, ರೇಷ್ಮೆ ಹುಳು, ಡೈರಿ ಸೆಕ್ರೆಟರಿ, ಮಾವ, ಇವರು, ನಾನು, ಎಲ್ಲರಿಗೂ ಒಂದೇ ಉಸಿರಿನಲ್ಲಿ ಬೈಗುಳ ಸಿಗುತ್ತಿತ್ತು. ನಾನು ತಲೆ ಆಡಿಸುತ್ತಿದ್ದೆ. ಸಂಸಾರ ನಡೆಯುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ, ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂತಿದ್ದ ಅತ್ತೆ ಹಾಗೇ ಪಕ್ಕಕ್ಕೆ ಒರಗಿದರು. ಲಕ್ವ. ಕೋಲಾರದ ಆಸ್ಪತ್ರೆಯಲ್ಲಿ ಇದ್ದು ಬಂದರು. ಬಲಗೈ ಈಗ ಸ್ವಲ್ಪ ಏಳುತ್ತದೆ. ಮಾತು ಮಾತ್ರ ಕೈ ಕೊಟ್ಟಿದೆ. ತಲೆಯೊಳಗೆ ಎಲ್ಲಾ ಇದೆಯಂತೆ, ಹೆಸರುಗಳು ಸಿಗುತ್ತಿಲ್ಲವಂತೆ. ಚೊಂಬು ಬೇಕಿದ್ದರೂ "ಅದು", ಕಂಬಳಿ ಬೇಕಿದ್ದರೂ "ಅದು".

ಮನೆ ಎಷ್ಟು ಸುಮ್ಮನಾಗಿದೆ ಅಂದರೆ ಹಸುಗಳು ಮೇವು ಬಿಟ್ಟು ಬಾಗಿಲ ಕಡೆ ನೋಡುತ್ತವೆ.

ಜೂನ್ 11, ಮಂಗಳವಾರ

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಇದ್ದಾರೆ, ಶೋಭಾರಾಣಿ ಅಂತ. ಚಿಕ್ಕ ವಯಸ್ಸು, ಒಳ್ಳೆಯವರು. ಇವತ್ತು ಅತ್ತೆಗೆ ಪರೀಕ್ಷೆ ಮಾಡಿದರು.

"ಚೆನ್ನಾಗಿದ್ದೀರಾ ಅಮ್ಮ? ಎಲ್ಲಿ, ಚೆನ್ನಾಗಿದೀನಿ ಅನ್ನಿ."

ಅತ್ತೆ ತುಟಿ ಬಿಗಿದುಕೊಂಡರು. ಮೇಡಂ ಏನೋ ಬರೆದುಕೊಂಡರು. ಆಮೇಲೆ ಲೋಟದಲ್ಲಿದ್ದ ನೀರು ತೋರಿಸಿದರು. ಅತ್ತೆ "ನೀಳ್ಳು" ಅಂದರು. ಅವರ ತವರೂ ನನ್ನ ತವರಿನ ಹಾಗೆ ಆಂಧ್ರದ ಗಡಿಯಲ್ಲೇ, ತೆಲುಗು ಮೊದಲು ಬಂತು. ಮೇಡಂ ಪರವಾಗಿಲ್ಲ ಅಂದರು. ಕೊನೆಗೆ ಮಾವನನ್ನು ತೋರಿಸಿದರು.

"ಇವರು ಯಾರಮ್ಮ? ಇವರ ಹೆಸರೇನು?"

ಅತ್ತೆ ಮಾವನನ್ನು ನೋಡಿದರು, ಗೋಡೆ ನೋಡಿದರು, ತಲೆ ಬಗ್ಗಿಸಿದರು. ಮೇಡಂ ಮತ್ತೆ ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡರು, ಅಷ್ಟೆ. ಮೇಡಂ ಬರೆದದ್ದು ಮಾವನಿಗೂ ಕಾಣಿಸಿತು, ನನಗೂ ಕಾಣಿಸಿತು: ಗಂಡನ ಹೆಸರು, ಗೊತ್ತಿಲ್ಲ.

ಮಾವನ ಹೆಸರು ಚನ್ನರಾಯಪ್ಪ. ನಾನೂ ಬಾಯಲ್ಲಿ ಹೇಳುವ ಹಾಗಿಲ್ಲ, ಆದರೆ ಬರೆಯಬಾರದು ಅಂತ ಯಾರೂ ಹೇಳಿಲ್ಲ. ಅತ್ತೆ ಮದುವೆಯಾದ ದಿನದಿಂದ ಗಂಡನ ಹೆಸರು ಎತ್ತಿದವರಲ್ಲ. ಅದರಲ್ಲಿ ಮಾವನ ಹೆಸರಿನ ತುಂಡಿದೆ ಅಂತ "ಚೆನ್ನಾಗಿದೆ" ಅನ್ನುವ ಮಾತನ್ನೂ ಆಡಿದವರಲ್ಲ. ಸಾರು ಎಷ್ಟೇ ರುಚಿಯಾಗಿದ್ದರೂ "ವಾಸಿ" ಅನ್ನುತ್ತಿದ್ದರು. ಇದನ್ನು ಮೇಡಂಗೆ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಹೇಳುವವರು ಇನ್ನೊಬ್ಬರಿದ್ದರು, ಮಾವ. ಅವರು ಬರೆದದ್ದನ್ನು ನೋಡಿದ ಮೇಲೆ ಊರು ಬರುವವರೆಗೂ ಬಸ್ಸಿನ ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಜೂನ್ 12, ಬುಧವಾರ

ಕೊಟ್ಟಿಗೆಯಲ್ಲಿ ಮಾವ ಇವರನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು.

"ಉಮೇಶ, ನಿಮ್ಮಮ್ಮಂಗೆ ನನ್ನ ಹೆಸರು ಗೊತ್ತೈತೇನೋ?"

"ಗೊತ್ತಿರ್ತದೆ ಬಿಡಪ್ಪ."

"ಹೆಂಗ್ ಹೇಳ್ತೀಯ? ಯಾವತ್ತಾದ್ರೂ ಅವಳ ಬಾಯಲ್ಲಿ ಕೇಳಿದ್ದೀಯಾ?"

"ಇಲ್ಲ."

"ಮತ್ತೆ? ಈಗ ಮರೆತ್ಲೋ, ಮೊದ್ಲಿಂದ್ಲೂ ಗೊತ್ತಿಲ್ವೋ, ಅದಾದ್ರೂ ಹೆಂಗ್ ತಿಳಿಯೋದು?"

ಇವರು ನಕ್ಕರು. ಮಾವ ನಗಲಿಲ್ಲ.

ಜೂನ್ 18, ಮಂಗಳವಾರ

ಮೇಡಂ ಒಂದು ಡಬ್ಬಿ ಕೊಟ್ಟಿದ್ದಾರೆ. ಒಳಗೆ ಕಾರ್ಡುಗಳು. ಮುಂದೆ ಚಿತ್ರ, ಹಿಂದೆ ಹೆಸರು. ಛತ್ರಿ, ಬೀಗ, ಹಸು, ಪೊರಕೆ, ಬಸ್ಸು. ದಿನಾ ಮನೆಯವರೆಲ್ಲ ಕೂತು ಆಡಬೇಕಂತೆ. ಒಬ್ಬರು ಕಾರ್ಡು ತೆಗೆದು, ಹೆಸರು ಹೇಳದೆ ಸುಳಿವು ಕೊಡಬೇಕು. ಉಳಿದವರು ಹೆಸರು ಹೇಳಬೇಕು.

"ಕಾರ್ಡಲ್ಲಿರೋ ಹೆಸರು ಹೇಳಬಾರದು. ಹೆಸರಿನ ತುಂಡೂ ಹೇಳಬಾರದು. ಅದನ್ನೇ ಬೇರೆ ಭಾಷೆಯಲ್ಲಿ ಹೇಳಬಾರದು. ಆ ವಸ್ತು ಎದುರಿಗಿದ್ದರೆ ತೋರಿಸಬಾರದು. ಅದು ಎಲ್ಲಿರುತ್ತೆ, ಏನು ಮಾಡುತ್ತೆ, ಯಾತಕ್ಕೆ ಬೇಕು, ಅಷ್ಟೇ ಹೇಳಿ," ಅಂದರು.

ಮಾವ "ಇದು ಬಲೇ ಕಷ್ಟ ಮೇಡಂ" ಅಂದರು. ನನಗೆ ಹಾಗನ್ನಿಸಲಿಲ್ಲ. ಹೆಸರು ಎತ್ತಬಾರದು, ಹೆಸರಿನ ತುಂಡನ್ನೂ ಎತ್ತಬಾರದು, ಆದರೂ ಎದುರಿನವರಿಗೆ ತಿಳಿಯಬೇಕು. ಅತ್ತೆ ಮದುವೆಯಾದಾಗಿನಿಂದ ಆಡುತ್ತಿರುವುದು ಇದನ್ನೇ.

ತಪ್ಪು ನೋಡುವುದಕ್ಕೆ ಒಬ್ಬರು ಬೇಕಂತೆ. ಮೇಡಂ ನನ್ನ ಕಡೆ ತಿರುಗಿ, "ನೀವು ಮಾತೇ ಆಡಲ್ಲ, ನೀವೇ ಸರಿ" ಅಂದರು. ಮಾತಾಡದೆ ಇದ್ದುದಕ್ಕೆ ನನಗೆ ಸಿಕ್ಕ ಮೊದಲ ಕೆಲಸ ಇದು.

ಜೂನ್ 20, ಗುರುವಾರ

ಇವತ್ತು ಶುರು ಮಾಡಿದೆವು. ಮಾವನಿಗೆ ಛತ್ರಿ ಬಂತು.

"ಅದೇ ಕಣೇ ಭಾರತಿ, ಅಲ್ಲಿ ಮೊಳೆಗೆ ನೇತಾಕಿದೀನಲ್ಲ, ಅದು!"

ಅತ್ತೆ ತಿರುಗಿ ಮೊಳೆ ನೋಡಿದರು. ನಾನು ಬಹಳ ಹೊತ್ತು ಯೋಚಿಸಿ, ನೆಲ ನೋಡುತ್ತಾ, "ಮಾವ, ತೋರಿಸಬಾರದಂತೆ" ಅಂದೆ. ಅಂದ ಮೇಲೆ ಒಳಗೆ ಹೋಗಿ ನೀರು ಕುಡಿದು ಬಂದೆ. ಮಾವ "ಓ, ಹಂಗಾ" ಅಂದರು.

ಅತ್ತೆ ಇವತ್ತು ಹೇಳಿದ ಹೆಸರು: ಬೀಗ. ಅದೊಂದೇ.

ಜೂನ್ 30, ಭಾನುವಾರ

ಪಕ್ಕದ ಮನೆಯ ಶ್ಯಾಮಲಮ್ಮ ಈಗ ದಿನಾ ಬರುತ್ತಾರೆ. ಅತ್ತೆಯ ಜೊತೆ ಜಗಳ ಆಡದೆ ಅವರಿಗೂ ಹೊತ್ತು ಹೋಗುತ್ತಿರಲಿಲ್ಲವಂತೆ. ಅವರಿಗೆ ಪೊರಕೆ ಬಂತು.

"ಅಕ್ಕ, ಕುಡಿದು ಬಂದ ಗಂಡನಿಗೆ ಬಾಗಿಲಲ್ಲೇ ಕೊಡೋದು!"

"ಪೊರಕೆ!" ಅತ್ತೆ ತಟ್ಟನೆ ಅಂದರು. ಒಂದು ತಡವರಿಕೆ ಇಲ್ಲ.

ಮಾವ ಒಪ್ಪಲಿಲ್ಲ. "ಇದ್ಯಾವ ಸೀಮೆ ಕ್ಲೂ? ಕಸ ಗುಡಿಸೋದು ಅನ್ನಬೇಕು."

"ಯಾತಕ್ಕೆ ಬೇಕು ಅಂತ ಹೇಳಿದ್ದಾರೆ ಮಾವ, ನಡೀತದೆ," ಅಂದೆ.

ಮುಂದಿನದು ಹಸು. ಇವರು "ನಮ್ಮನೇಲಿ ನಾಲ್ಕೈತೆ, ಬೆಳಿಗ್ಗೆ ಎದ್ದು ಮೊದ್ಲು ಇದರ ಮುಖ ನೋಡ್ತೀವಿ" ಅಂದರು. ಅತ್ತೆ "ಆವು" ಅಂದರು.

"ತೆಲುಗು! ಔಟ್!" ಅಂತ ಮಾವ ಕೈ ಎತ್ತಿದರು.

"ಬೇರೆ ಭಾಷೆ ಬೇಡ ಅಂದಿರೋದು ಕ್ಲೂ ಕೊಡೋರಿಗೆ. ಕಂಡುಹಿಡಿಯೋರಿಗೆ ಯಾವ ಭಾಷೆಯಾದ್ರೂ ಸರಿ."

"ಈ ರೂಲ್ಸು ಯಾವಾಗ ಬಂತು?"

"ಈಗ."

ಅಷ್ಟಕ್ಕೇ ಸುಮ್ಮನಾದೆ. ಹೆಚ್ಚು ಮಾತಾಡಿ ನನಗೆ ಅಭ್ಯಾಸವಿಲ್ಲ.

ಜುಲೈ 7, ಭಾನುವಾರ

ಹುಳು ನಾಲ್ಕನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದಿವೆ. ಸೊಪ್ಪು ಹಾಕಿ ಹಾಕಿ ಕೈ ಬಿದ್ದುಹೋಗಿದೆ. ಆಟ ಇಲ್ಲ.

ಜುಲೈ 14, ಭಾನುವಾರ

ನಿನ್ನೆ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಕೋಲಾರಕ್ಕೆ ಹೋಗಿ ಬಂದರು. ಯಾಕೆ ಅಂತ ಇವತ್ತು ಗೊತ್ತಾಯಿತು. ಡಬ್ಬಿಯಲ್ಲಿ ಒಂದು ಕಾರ್ಡು ಜಾಸ್ತಿ ಇತ್ತು. ರಟ್ಟಿಗೆ ಅಂಟಿಸಿದ ಮಾವನ ಫೋಟೋ. ಹಿಂದೆ, ಉಳಿದ ಕಾರ್ಡುಗಳ ಹಾಗೇ, ದೊಡ್ಡ ಅಕ್ಷರದಲ್ಲಿ ಹೆಸರು. ನಾನು ಮೊದಲೇ ನೋಡಿದೆ. ಮನೆಯವರ ಫೋಟೋ ಹಾಕಬಾರದು ಅಂತ ನಿಯಮವಿಲ್ಲದ್ದರಿಂದ ತೆಗೆಯಲಿಲ್ಲ.

ಅತ್ತೆಯ ಸರದಿಯಲ್ಲಿ ಅದೇ ಬಂತು. ಮಾವ ಅದನ್ನು ಮೇಲೇ ಇಟ್ಟಿದ್ದರು ಅಂತ ನನ್ನ ಅನುಮಾನ. ಅತ್ತೆ ಕಾರ್ಡನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಮಾವ ತಲೆ ಎತ್ತಿ ಚಾವಣಿಯ ಶೀಟು ನೋಡುತ್ತಾ ಕೂತಿದ್ದರು.

"ಗೊ... ಗೊರ... ಗೊರಕೆ," ಅಂದರು ಅತ್ತೆ.

"ಎಮ್ಮೆ!" ಅಂದರು ಶ್ಯಾಮಲಮ್ಮ.

ಅತ್ತೆ ತಲೆ ಅಲ್ಲಾಡಿಸಿದರು. "ಬೀಡಿ."

"ಅಂಗಡಿ?"

"ಉಪ್ಪು... ಕಮ್ಮಿ. ದಿನಾ. ಉಪ್ಪು ಕಮ್ಮಿ."

ಇವರು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾವ ಶೀಟು ನೋಡುವುದನ್ನು ಬಿಟ್ಟು ಅತ್ತೆಯನ್ನು ನೋಡತೊಡಗಿದರು.

"ಸುಳ್ಳು," ಅಂದರು ಅತ್ತೆ. ಕಾರ್ಡು ಇನ್ನೊಮ್ಮೆ ನೋಡಿ, "ಒಳ್ಳೇದು. ಸ್ವಲ್ಪ."

ಈಗ ಎಲ್ಲರಿಗೂ ಗೊತ್ತಾಗಿತ್ತು. ಗೊತ್ತಾದದ್ದನ್ನು ಹೇಳುವವರು ಯಾರು?

"ಬಾವನ ಹೆಸರು ನಾನ್ ಹೇಳಕ್ಕಾಗ್ತದಾ? ಉಮೇಶ, ನೀನ್ ಹೇಳೋ," ಅಂದರು ಶ್ಯಾಮಲಮ್ಮ.

"ಅಪ್ಪನ್ನ ಎದುರಿಗೆ ಕೂರಿಸ್ಕೊಂಡು ಹೆಸರು ಹಿಡಿದು ಹೇಳ್ಲಾ? ಅಪ್ಪ ಅಂದ್ರೆ ಆಗಲ್ವಾ ಅನಿತಾ?"

"ಹಿಂದೆ ಏನು ಬರೆದಿದೆಯೋ ಅದೇ ಹೇಳಬೇಕು," ಅಂದೆ. ನಿಯಮ ನಿಯಮವೇ.

"ಹಂಗಾದ್ರೆ ನೀನೇ ಹೇಳು!"

ನಾನು ತಪ್ಪು ನೋಡುವವಳು, ಆಡುವವಳಲ್ಲ. ಹೀಗೆ ಎಲ್ಲರೂ ಕೂತೆವು. ಕೊನೆಗೆ ಮಾವನಿಗೇ ತಡೆಯಲಿಲ್ಲ.

"ಚನ್ನರಾಯಪ್ಪ! ಚನ್ನರಾಯಪ್ಪ ಕಣ್ರೋ!"

ಪಾಯಿಂಟು ಮಾವನಿಗೇ ಕೊಟ್ಟೆ. ಅತ್ತೆ ಹೆಸರು ಹೇಳಿಲ್ಲ, ತುಂಡು ಹೇಳಿಲ್ಲ, ತೆಲುಗು ಇಲ್ಲ, ಕಣ್ಣಿನಲ್ಲೂ ತೋರಿಸಿಲ್ಲ. ಇಷ್ಟು ಶುದ್ಧವಾದ ಆಟ ನಮ್ಮಲ್ಲಿ ಯಾರೂ ಆಡಿಲ್ಲ.

ಊಟಕ್ಕೆ ಕೂತಾಗ ಮಾವ ಮುದ್ದೆ ಮುರಿಯದೆ ಅಂದರು, "ಗೊರಕೆ ಗೊತ್ತೈತೆ. ಉಪ್ಪು ಗೊತ್ತೈತೆ. ಹೆಸರು?"

ಜುಲೈ 16, ಮಂಗಳವಾರ

ಬಸ್ಸಿನಲ್ಲಿ ಅತ್ತೆಗೆ ಸೀಟು ಬಿಡದೆ ಮೊಬೈಲು ನೋಡುತ್ತಿದ್ದ ಹುಡುಗನನ್ನು ಎಬ್ಬಿಸಿದೆ. ನಾನು ಕೂಗಾಡಿದೆ ಅಂತ ಮಾವ ಮೇಡಂ ಹತ್ತಿರ ಹೇಳಿದರು. ಕೂಗಾಡಲಿಲ್ಲ. ಹಿಂದಿನ ಸೀಟಿನವರಿಗೂ ಕೇಳಿಸಲಿ ಅಂತ ಹೇಳಿದೆ.

ಮೇಡಂಗೂ ನಾನು ಏನೂ ಹೇಳಲಿಲ್ಲ. ನೀವು ಆವತ್ತು ಬರೆದದ್ದು ತಪ್ಪು, ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಚೆನ್ನಾಗಿದೀನಿ ಅಂತಲೂ ಅವರು ಅನ್ನುವುದಿಲ್ಲ, ಎರಡನ್ನೂ ಹೊಡೆದು ಹಾಕಿ ಅಂದೆ, ಅಷ್ಟೆ. ಮೇಡಂ ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದರು. ಆಮೇಲೆ ಹೊಡೆದು ಹಾಕಿದರು.

ಮಾವನಿಗೆ ಇದರಿಂದ ಸಮಾಧಾನವಾಗಲಿಲ್ಲ. "ಗೊತ್ತಿಲ್ಲ ಅನ್ನೋದನ್ನ ಹೊಡೆದು ಹಾಕಿದ್ರೆ ಗೊತ್ತೈತೆ ಅಂತ ಆಗೋಯ್ತಾ ಮೇಡಂ?"

ಮೇಡಂ ಹತ್ತಿರ ಇದಕ್ಕೆ ಕಾರ್ಡು ಇರಲಿಲ್ಲ.

ಜುಲೈ 28, ಭಾನುವಾರ

ರೇಷ್ಮೆ ಗೂಡು ಮಾರಿ ಬಂದು ಇವರು ಚಿತ್ರಾನ್ನ ತಿನ್ನುತ್ತಾ, "ನಿಂಗೇನಾದ್ರೂ ಆಗೋಕೆ ಮೊದ್ಲೇ ನೀನೊಂದ್ಸಲ ನನ್ನ ಹೆಸರು ಕರ್ದ್ಬಿಡೇ. ನಮ್ಮಪ್ಪನ ಥರ ಕೊರಗೋದು ತಪ್ತದೆ" ಅಂದರು. ತಟ್ಟೆ ಎತ್ತಿಕೊಂಡು ಬಂದೆ. ಇನ್ನೂ ತಿನ್ನುತ್ತಿದ್ದರಂತೆ.

ಮಧ್ಯಾಹ್ನ ಶ್ಯಾಮಲಮ್ಮ ಇರಲಿಲ್ಲ. ಅತ್ತೆ ಜಗಲಿಯಲ್ಲಿ ಕೂತಿದ್ದರು. ಮಾವ ಹತ್ತಿರ ಹೋಗಿ ಕೂತರು. ನಾನು ಒಳಗೆ ಬೇಳೆ ಆರಿಸುತ್ತಿದ್ದೆ, ಕೇಳಿಸಿಕೊಳ್ಳಬೇಕು ಅಂತೇನೂ ಅಲ್ಲ.

"ಭಾರತಿ, ಒಂದ್ಸಲ ಹೇಳೇ. ಯಾರೂ ಇಲ್ಲ."

ಅತ್ತೆ ಬೀದಿ ಕಡೆ ಮುಖ ತಿರುಗಿಸಿದರು.

"ನಿನ್ ಬಾಯಲ್ಲಿ ಐತೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು. ಆಮೇಲೆ ಯಾವತ್ತೂ ಕೇಳಲ್ಲ."

"ಥೂ," ಅಂದರು ಅತ್ತೆ. "ನಾಚ್ಕೆ!"

ಮಾವ ಎದ್ದು ಹೊಲದ ಕಡೆ ಹೋದರು. ಹೋಗುವಾಗ ಚಪ್ಪಲಿ ಮರೆತಿದ್ದರು. ನಾಚಿಕೆ ಅನ್ನುವುದು ಹೊಸ ಮಾತು. ಮೇಡಂಗೆ ಹೇಳಬೇಕು.

ಆಗಸ್ಟ್ 11, ಭಾನುವಾರ

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ನಾನು ಹುಳುಮನೆಯಲ್ಲಿದ್ದೆ. ಇವರು ಡೈರಿಗೆ ಹಾಲು ಹಾಕಲು ಹೋಗಿದ್ದರು. ಮಾವ ಎದುರಿಗಿರುವ ನರಸಿಂಹಪ್ಪನ ಟೀ ಅಂಗಡಿಯಲ್ಲಿ ನಾಲ್ಕು ಜನರ ನಡುವೆ ಕೂತಿದ್ದರು. ಅತ್ತೆ ಜಗಲಿಯಲ್ಲಿ ಒಬ್ಬರೇ. ಕರಿ ಹಸು ಹಗ್ಗ ಕಿತ್ತುಕೊಂಡು ಬಂದು, ಹುಳುವಿಗೆ ಅಂತ ಒದ್ದೆ ಗೋಣಿ ಮುಚ್ಚಿಟ್ಟಿದ್ದ ಸೊಪ್ಪಿಗೆ ಬಾಯಿ ಹಾಕಿತು.

ಮೊದಲಾಗಿದ್ದರೆ ಅತ್ತೆ "ಉಮೇಶನ ಅಪ್ಪಾ" ಅನ್ನುತ್ತಿದ್ದರು. ಅದಾಗದಿದ್ದರೆ "ಏನ್ರೀ", ಅದೂ ಆಗದಿದ್ದರೆ ಸುಮ್ಮನೆ ಒಂದು ಬೈಗುಳ. ಯಾವುದೂ ಬರಲಿಲ್ಲ. ಬಂದದ್ದು ಇದು:

"ಚನ್ನರಾಯಪ್ಪಾ! ಏ ಚನ್ನರಾಯಪ್ಪಾ! ಹಸು!"

ಒತ್ತಕ್ಷರ ಸಮೇತ, ಸ್ಪಷ್ಟವಾಗಿ, ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ. ನಡುವೆ "ಲೇ" ಅಂದರೋ ಇಲ್ಲವೋ ಅನ್ನುವುದರಲ್ಲಿ ವಾದವಿದೆ. ಅಂದರು ಅಂತ ಶ್ಯಾಮಲಮ್ಮ ಆಣೆ ಮಾಡುತ್ತಾರೆ. ಅನ್ನಲಿಲ್ಲ ಅಂತ ನಾನು ತೀರ್ಪು ಕೊಟ್ಟಿದ್ದೇನೆ.

ಕೂಗು ಕೇಳಿ ನಾನು ಹೊರಗೆ ಬರುವಷ್ಟರಲ್ಲಿ ಟೀ ಅಂಗಡಿಯವರೆಲ್ಲ ಮಾವನ ಕಡೆ ತಿರುಗಿದ್ದರು. ಆಮೇಲೆ ನರಸಿಂಹಪ್ಪ ಶುರು ಮಾಡಿದ.

"ಏನ್ಲಾ ಚನ್ನರಾಯಪ್ಪ, ಸ್ಕೂಲಲ್ಲಿ ಹಾಜರಿ ಕರ್ದಂಗಾಯ್ತಲ್ಲೋ! ಎದ್ದು ನಿಂತ್ಕೊಂಡು ಯಸ್ ಸಾರ್ ಅನ್ನೋ!"

ಮಾವ ಬಂದು ಹಸು ಕಟ್ಟಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಬಂದದ್ದನ್ನು ಒಳಗೆ ತಳ್ಳುವವರ ಹಾಗೆ. ನಾನು ಮಾವ ಅಳುತ್ತಾರೇನೋ, ನಗುತ್ತಾರೇನೋ ಅಂತ ಕಾದೆ.

"ಊರ ಮುಂದೆ ಮಾನ ಹೋಯ್ತು," ಅಂದರು.

"ನೀವೇ ಕೇಳಿದ್ರಲ್ಲ ಮಾವ!"

"ನಾನ್ ಕೇಳಿದ್ದು ಮನೆಯೊಳಗೆ! ನರಸಿಂಹಪ್ಪನಿಗೆ ಕೇಳೋ ಹಂಗಾ? ನಾಳೆಯಿಂದ ಊರ ಮಕ್ಕಳೆಲ್ಲ ಹಂಗೇ ಕರೀತಾವೆ ನನ್ನ."

"ಆಟದ ಹೊರಗೆ ಹೇಳಿದ್ದು ಮಾವ. ಔಟ್ ಇಲ್ಲ."

ಯಾಕೆ ಹಾಗೆ ಅಂದೆನೋ. ಸಮಾಧಾನ ಮಾಡೋಣ ಅಂತ ಅಂದದ್ದು.

ಆಗಸ್ಟ್ 13, ಮಂಗಳವಾರ

ಆಸ್ಪತ್ರೆಗೆ ಮಾವ ಬರಲಿಲ್ಲ. ಕೆಲಸ ಇದೆ ಅಂದರು. ಯಾವ ಕೆಲಸ ಅಂತ ಹೊಲಕ್ಕೂ ಗೊತ್ತಿಲ್ಲ. ಮೇಡಂ ಸುದ್ದಿ ಕೇಳಿ ಚಪ್ಪಾಳೆ ತಟ್ಟಿದರು. ದಿನಾ ಹೇಳಿಸಿ, ಬಿಡಬೇಡಿ ಅಂದರು.

ಇದು ಹೇಗೆ ಬಂತು ಅಂತ ಎಲ್ಲರಿಗೂ ಆಶ್ಚರ್ಯ. ದಿನಾ ಕರೆಯುತ್ತಿದ್ದ ಕರೆಗಳೆಲ್ಲ ಹೋಗಿವೆ, ಒಂದು ಸಲವೂ ಕರೆಯದ ಹೆಸರು ಉಳಿದಿದೆ. ಶ್ಯಾಮಲಮ್ಮನಿಗೆ ಮಾತ್ರ ಆಶ್ಚರ್ಯವಿಲ್ಲ. "ಟ್ರಂಕಲ್ಲಿ ಮಡಚಿಟ್ಟ ಧಾರೆ ಸೀರೆ ಕಣೇ. ಉಡದೇ ಇದ್ರೆ ಎಲ್ಲಿ ಹರೀತದೆ?"

ಸಂಜೆ ಮಾವ ಡಬ್ಬಿ ಎತ್ತಿಕೊಂಡು, "ಇದನ್ನ ಅಟ್ಟಕ್ಕೆ ಹಾಕು. ಆಟ ಸಾಕು" ಅಂದರು.

"ಹಾಕಲ್ಲ ಮಾವ. ಇನ್ನೂ ಅವರಿಗೆ ಬಸ್ಸು ಬರಲ್ಲ, ಛತ್ರಿ ಬರಲ್ಲ. ನಿಮಗೆ ಬೇಡದಿದ್ರೆ ನಿಮ್ಮ ಕಾರ್ಡು ತಗೊಂಡು ಹೋಗಿ. ಮತ್ತೆ ಚಪ್ಪಲಿ ಹಾಕ್ಕೊಂಡು ಒಳಗೆ ಬರಬೇಡಿ, ಈಗ ತಾನೇ ಸಾರಿಸಿದ್ದೀನಿ."

ಮಾವ ನನ್ನನ್ನೇ ನೋಡಿ, "ಆಗ್ಬಿಟ್ಟೆ, ನೀನೂ ನಿಮ್ಮತ್ತೆ ಥರಾನೇ ಆಗ್ಬಿಟ್ಟೆ" ಅಂದರು. ನನಗೆ ಅರ್ಥವಾಗಲಿಲ್ಲ. ಅತ್ತೆ ಎಷ್ಟು ಮಾತಾಡುತ್ತಿದ್ದರು. ನಾನೆಲ್ಲಿ, ಅವರೆಲ್ಲಿ.

ಕಾರ್ಡು ಮಾತ್ರ ಅವರು ತೆಗೆದುಕೊಂಡು ಹೋಗಲಿಲ್ಲ.

ಆಗಸ್ಟ್ 16, ಶುಕ್ರವಾರ

ಆ ಭಾನುವಾರದಿಂದ ಮಾವ ಟೀ ಅಂಗಡಿಗೆ ಹೋಗಿಲ್ಲ. ಅತ್ತೆಯ ಜೊತೆಗೂ ಮಾತಿಲ್ಲ. ಅತ್ತೆಯೂ ಬಾಯಿ ಬಿಟ್ಟಿಲ್ಲ, "ಅದು" ಕೂಡ ಅಂದಿಲ್ಲ. ಎಲ್ಲಾ ಮತ್ತೆ ಮೊದಲಿಗೇ ಬಂತೇನೋ ಅಂತ ನನಗೆ ಹೆದರಿಕೆಯಾಗಿತ್ತು.

ಇವತ್ತು ಬೆಳಿಗ್ಗೆ ಹಾಲು ಕರೆದು ಕ್ಯಾನಿಗೆ ಸುರಿಯುತ್ತಿದ್ದೆ. ಮಾವ ಕೊಟ್ಟಿಗೆಯಲ್ಲೇ ಹುಲ್ಲು ಹಾಕುತ್ತಿದ್ದರು. ಜಗಲಿಯಿಂದ ಅತ್ತೆ ಕರೆದರು. ಬೀದಿಗೆ ಕೇಳದಷ್ಟು ಮೆಲ್ಲಗೆ, ಕೊಟ್ಟಿಗೆಗೆ ಕೇಳುವಷ್ಟು.

"ಚನ್ನರಾಯಪ್ಪ."

ಮಾವನ ಕೈ ಹುಲ್ಲಿನ ಮೇಲೇ ನಿಂತಿತು. ಕೇಳಿಸಿತು ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಓಗೊಡಲಿಲ್ಲ. ಹಸುವಿನ ಆಚೆ ಮಗ್ಗುಲಿಗೆ ಸರಿದು, ಜಗಲಿಗೆ ಕಾಣದ ಹಾಗೆ ನಿಂತುಕೊಂಡರು.

"ಮಾವ, ಕರೀತಿದ್ದಾರೆ" ಅನ್ನಲು ಬಾಯಿ ತೆರೆದೆ. ಅವರು ಹಸುವಿನ ಬೆನ್ನ ಮೇಲಿಂದ ನನ್ನನ್ನು ನೋಡಿ, ಬೇಡ ಅಂತ ತಲೆ ಆಡಿಸಿದರು.

"ಚನ್ನರಾಯಪ್ಪ," ಅಂದರು ಅತ್ತೆ ಮತ್ತೆ. ಈ ಸಲ ಸ್ವಲ್ಪ ಸಿಟ್ಟಿತ್ತು.

ಮಾವ ಕಣ್ಣು ಮುಚ್ಚಿಕೊಂಡು ನಿಂತೇ ಇದ್ದರು. ಇನ್ನೊಂದು ಸಲ ಕರೆಯಲಿ ಅಂತ.

ನಾನು ಕ್ಯಾನಿನ ಮುಚ್ಚಳವನ್ನು ಸದ್ದಾಗದ ಹಾಗೆ ಹಾಕಿದೆ.